ಸ್ವೀಡನ್ನಿನ ಕೋಟೆ, ವಾರಿಜಕ್ಕನ ಸಹಿ

ಕೋವಿಡ್ ಕಳೆದ ಮರುವರ್ಷದ ಮಾತು. ಪುಣೆಯ ಶಿವಾಜಿನಗರದ ಕೋರ್ಟಿನ ಹತ್ತಿರ ನನ್ನ ಆಫೀಸು. ವಕೀಲಿಕೆಗೆ ಬಂದು ಮೂವತ್ತು ವರ್ಷ ದಾಟಿತ್ತು. ವಾದ ಮಾಡುವ ವಕೀಲೆ ನಾನಲ್ಲ. ನನ್ನದು ಟೈಟಲ್ ಸರ್ಚ್, ಅಂದರೆ ಒಂದು ಆಸ್ತಿ ಯಾರಿಂದ ಯಾರಿಗೆ, ಯಾವ ಕಾಗದದ ಮೇಲೆ ಬಂತು ಎಂದು ಹಿಂದಕ್ಕೆ ಹೋಗಿ ನೋಡುವುದು. ಸರಪಳಿ ಎಲ್ಲೂ ಕಡಿದಿರದಿದ್ದರೆ ‘ಟೈಟಲ್ ಕ್ಲಿಯರ್’ ಎಂದು ಬರೆದು ಸಹಿ ಹಾಕುತ್ತೇನೆ. ನಾನು ಧಾರವಾಡದವಳು, ಹಾಗಾಗಿ ಇಲ್ಲಿನ ಕನ್ನಡದ ಹೋಟೆಲಿನವರೆಲ್ಲ ನನ್ನ ಹತ್ತಿರವೇ ಬರುತ್ತಿದ್ದರು.

ಕರಾವಳಿಯ ದಿನಕರ ಶೆಟ್ಟರೂ ಹಾಗೇ ಬಂದವರು. ಸದಾಶಿವ ಪೇಠೆಯಲ್ಲಿ ಅವರ ತಾಯಿಯ ಹೆಸರಿನ ಕಟ್ಟಡ, ಅದರಲ್ಲಿ ಊಟದ ಹೋಟೆಲು. ಗಲ್ಲಾದಲ್ಲಿ ಇವರು, ಅಡುಗೆಮನೆಯಲ್ಲಿ ಅಕ್ಕ ವಾರಿಜಾ. ತಾಯಿ ತೀರಿಕೊಂಡ ಮೇಲೆ ಕಟ್ಟಡ ಇಬ್ಬರಿಗೂ ಸಮಪಾಲು. ಈಗ ಶೆಟ್ಟರ ತಲೆಗೆ ಸ್ವೀಡನ್ ಹೊಕ್ಕಿತ್ತು. ಅಲ್ಲಿ ಸರೋವರದ ದಂಡೆಯಲ್ಲಿದ್ದ ಮಧ್ಯಯುಗದ ಕೋಟೆಯೊಂದನ್ನು, ಅದರ ಮಾಲೀಕರ ಜೊತೆ ಸೇರಿ, ಹೋಟೆಲು ಮಾಡುವ ಹುಮ್ಮಸ್ಸು. ಅದಕ್ಕಾಗಿ ಇಲ್ಲಿನ ಕಟ್ಟಡವನ್ನು ಬ್ಯಾಂಕಿಗೆ ಅಡವಿಡಬೇಕಿತ್ತು.

“ಎರಡು ಕೆಲಸ ಮೇಡಂ. ಕೋಟೆಯ ಕಾಗದ ನೋಡಿ. ಮತ್ತೆ ಅಕ್ಕನದ್ದೊಂದು ಹಕ್ಕಸೋಡ ಪತ್ರ ಬರೆದುಬಿಡಿ. ಅವಳದ್ದೇನಿಲ್ಲ, ತೋರಿಸಿದಲ್ಲಿ ಸಹಿ ಹಾಕ್ತಾಳೆ.”

ತವರಿನ ಪಾಲು ಬೇಡವೆಂದು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಬರೆದುಕೊಡುವ ಕಾಗದ ಅದು. ಈ ಸೀಮೆಯಲ್ಲಿ ಅದು ಉಡಿ ತುಂಬಿದಷ್ಟೇ ಸಲೀಸು: ಒಂದು ಸೀರೆ, ಒಂದು ಊಟ, ಒಂದು ಸಹಿ. ನಾನೆಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಧಾರವಾಡದ ಮನೆಯ ನನ್ನ ಪಾಲನ್ನೂ ಅಣ್ಣನಿಗೆ ಹೀಗೇ ಬಿಟ್ಟುಕೊಟ್ಟವಳು ನಾನು. ಓದಲೂ ಇಲ್ಲ. ವಕೀಲೆಯಂತೆ ವಕೀಲೆ!

ಕೋಟೆಯ ಫೈಲು ಇಂಗ್ಲಿಷಿಗೆ ಅನುವಾದವಾಗಿ ಬಂತು. ಶತಮಾನಗಳ ಮಾಲೀಕರ ಪಟ್ಟಿ. ದೊಡ್ಡ ಹಾಳೆಯ ಮೇಲೆ ಸರಪಳಿ ಬರೆಯುತ್ತ ಹೋದೆ. ಮೂರು ಕಡೆ ಮನೆತನದ ಹೆಸರೇ ಬದಲಾಗಿತ್ತು, ಮಾರಾಟದ ಕಾಗದವಿರಲಿಲ್ಲ. ಮೂರೂ ಕಡೆ ಕೆಂಪು ಶಾಯಿಯಲ್ಲಿ ‘ಕಡಿದಿದೆ’ ಎಂದು ಬರೆದು, ಮಾರಾಟಪತ್ರ ಕಳಿಸಿ ಎಂದು ಆ ಊರಿನ ದಾಖಲೆ ನೋಡಿಕೊಳ್ಳುವ ಹೆಣ್ಣುಮಗಳಿಗೆ ಜೋರಾಗಿಯೇ ಮೇಲ್ ಮಾಡಿದೆ.

ಆಕೆಯ ಉತ್ತರ ಚಿಕ್ಕದಾಗಿತ್ತು. ಮಾರಾಟವೇ ಆಗಿಲ್ಲ, ಮೂರೂ ಸಲ ಕೋಟೆ ಮಗಳಿಗೆ ಬಂದಿದೆ, ನೀವು ಅವಳ ಗಂಡನನ್ನು ಮಾಲೀಕನೆಂದು ಬರೆದುಕೊಂಡಿದ್ದೀರಿ.

ಫೈಲು ಮತ್ತೆ ತೆಗೆದೆ. ಅದೇ ಸಾಲಿನಲ್ಲಿ ಆ ಹೆಂಗಸರ ಹೆಸರುಗಳಿದ್ದವು. ನಾನು ದಾಟಿಕೊಂಡು ಹೋಗಿದ್ದೆ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಅವರಲ್ಲೊಬ್ಬಳು ವಿಧವೆ, ಅವಳ ಕಥೆಯೂ ಫೈಲಿನಲ್ಲಿತ್ತು. ಮೈದುನರು ಬಂದು ಕೋಟೆ ಬಿಟ್ಟುಕೊಡು ಅಂದಾಗ ಅವಳು ಕಾಗದಕ್ಕೆ ಮೊಹರು ಒತ್ತಲಿಲ್ಲವಂತೆ. ಹೆಬ್ಬಾಗಿಲು ಹಾಕಿಸಿ ಒಳಗೆ ಕೂತಳು, ಸಾಯುವ ತನಕ ಅಲ್ಲೇ ಇದ್ದಳು, ಆಮೇಲೆ ಕೋಟೆ ಅವಳ ಮಗಳದಾಯಿತು.

ಸಹಿಯ ದಿನ ವಾರಿಜಕ್ಕ ಮಧ್ಯಾಹ್ನದ ಊಟ ಮುಗಿಸಿ ತಮ್ಮನ ಜೊತೆ ರಿಕ್ಷಾದಲ್ಲಿ ಬಂದರು. ಬೆರಳಲ್ಲಿ ಅರಿಶಿನದ ಕಲೆ ಹಾಗೇ ಇತ್ತು. ಪೆನ್ನು ಕೈಗೆತ್ತಿಕೊಂಡೇಬಿಟ್ಟಿದ್ದರು.

“ಓದೀರೇನ್ರಿ?” ಅಂದೆ.

“ಮರಾಠಿ ಕಾಗದ. ತಮ್ಮ ಹೇಳಿದ ಮೇಲೆ ಓದೋದು ಎಂಥದ್ದು?”

“ಹಂಗಾದ್ರ ನಾ ಓದ್ತೀನಿ, ಕೇಳ್ರಿ.” ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. “ಇದಕ್ಕ ಸಹಿ ಹಾಕಿದ್ರ ನಾಳೆ ನಿಮ್ಮ ಒಲಿ ನಿಮ್ಮದಲ್ಲ. ತಮ್ಮ ಇಟ್ಕೊಂಡ್ರ ಇರಬೇಕು, ಹೋಗಂದ್ರ ಹೋಗಬೇಕು.” ಆಮೇಲೆ ಕೋಟೆಯ ಹಾಳೆ ಬಿಡಿಸಿ ಆ ವಿಧವೆಯ ಹೆಸರಿನ ಮೇಲೆ ಬೆರಳಿಟ್ಟು ಅವಳ ಕಥೆಯನ್ನೂ ಹೇಳಿದೆ.

ಶೆಟ್ಟರು ಎದ್ದು ನಿಂತರು. “ನೀವು ನನ್ನ ವಕೀಲರಾ, ಅವಳ ವಕೀಲರಾ?”

“ಇವತ್ತಿನಿಂದ ನಾ ನಿಮ್ಮ ವಕೀಲಕಿ ಅಲ್ರಿ, ಫೈಲ್ ತಗೊಂಡು ಹೋಗ್ರಿ. ಆದ್ರ ಓದದ ಸಹಿ ನನ್ನ ಟೇಬಲ್ ಮ್ಯಾಲೆ ಆಗೂದಿಲ್ಲ. ನಿಮ್ಮೂರಾಗ ಆಸ್ತಿ ಹೆಣ್ಣಿನ ಕಡೆಯಿಂದನ ಹರೀತಿತ್ತಲ್ರಿ, ಅಳಿಯಸಂತಾನ ಅಂತ? ಪುಣೆಗೆ ಬಂದು ಕಲಿತದ್ದು ಇದೊಂದೇನ?”

ವಾರಿಜಕ್ಕ ಇನ್ನೂ ಹಾಳೆ ನೋಡುತ್ತಿದ್ದರು. “ಇವಳು ಬಾಗಿಲು ಹಾಕಿದ್ದು ಯಾವಾಗ?”

“ಐನೂರು ವರ್ಷದ ಮ್ಯಾಲಾತು.”

“ಅಬ್ಬ! ನಾನು ಭಾರೀ ತಡ ಮಾಡಿದೆ.” ಪೆನ್ನಿನ ಮುಚ್ಚಳ ಹಾಕಿದರು. “ದಿನಕರ, ಸಹಿ ಇಲ್ಲ. ಪಾಲುದಾರಳಾಗಿ ಕರೆದರೆ ಸ್ವೀಡನ್ನಿಗೂ ಬರ್ತೇನೆ. ಈಗ ಸಂಜೆಯ ಸಾಂಬಾರಿಗೆ ಹೊತ್ತಾಯಿತು.”

ಕೋಟೆಯ ಯೋಜನೆ ಅಲ್ಲಿಗೇ ನಿಂತಿತು. ಶೆಟ್ಟರು ಹೋದಲ್ಲೆಲ್ಲ ‘ಆ ವಕೀಲೆ ಮನೆ ಒಡೆಯುವವಳು’ ಎಂದು ಹೇಳಿಕೊಂಡು ಬಂದರು. ಹೋಟೆಲಿನವರು ಒಬ್ಬೊಬ್ಬರಾಗಿ ನನ್ನ ಆಫೀಸಿಗೆ ಬರುವುದನ್ನು ಬಿಟ್ಟರು. ಬಿಡಲಿ. ವಾರಿಜಕ್ಕ ಇವತ್ತಿಗೂ ತಮ್ಮ ಕಟ್ಟಡದಲ್ಲಿ, ತಮ್ಮ ಒಲೆಯ ಮುಂದೆಯೇ ಇದ್ದಾರೆ, ತಮ್ಮನೂ ಅದೇ ಗಲ್ಲಾದಲ್ಲಿ ಕೂತು ಅದೇ ಅಡುಗೆ ಉಣ್ಣುತ್ತಾನೆ.

ಅಣ್ಣನಿಗೆ ನಾನು ಹಾಕಿಕೊಟ್ಟ ಸಹಿ ಹಿಂದಕ್ಕೆ ಬರುವುದಿಲ್ಲ, ಅದು ಗೊತ್ತು. ಸರಪಳಿ ಕಡಿದಿದೆ ಎಂದು ಬರೆಯುವ ಮೊದಲು ಮಗಳ ಹೆಸರು ಹುಡುಕಬೇಕೆಂಬುದನ್ನು ಮೂವತ್ತು ವರ್ಷದ ಮೇಲೆ ಕಲಿತೆ. ಈಗಲೂ ಯಾರಾದರೂ ಬಂದು, “ಅಕ್ಕಂದು ಏನಿಲ್ರಿ, ಸಹಿ ಹಾಕ್ತಾಳ, ನೀವು ಬರೀರಿ” ಅಂದರೆ ನನ್ನದು ಒಂದೇ ಮಾತು:

“ಮೊದಲ ಅಕ್ಕನ್ನ ಕಳಸ್ರಿ. ಒಬ್ಬಾಕಿನ್ನ.”