ಕೈರೋಗೆ ಕಳಿಸಿದ ಉಸ್ತಾದರು

ಎರಡು ಬೆರಳನ್ನು ಗಂಟಲಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಉಸ್ತಾದರು ಆ ಒಂದು ಅರಬ್ಬಿ ಅಕ್ಷರವನ್ನು ಹೊರಡಿಸುತ್ತಿದ್ದರು. "ಬಾಯಿಂದಲ್ಲ ಬೇಟಾ, ಇಲ್ಲಿಂದ," ಎನ್ನುತ್ತಿದ್ದರು. ನನಗೆ ಅದು ಒಲಿಯಲು ಮೂರು ತಿಂಗಳು ಹಿಡಿಯಿತು.

ಬಸವಕಲ್ಯಾಣದ ಕೋಟೆಯ ಕಲ್ಲಿನ ಮೇಲಿದ್ದ ಅರಬ್ಬಿ ಸಾಲೊಂದನ್ನು ಓದಬೇಕೆಂಬ ಹುಚ್ಚು ನನ್ನನ್ನು ಅವರ ಮನೆಗೆ ಒಯ್ದಿತ್ತು. ಅವರು ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾಗಿದ್ದರು. ನಾನು ಹುಮನಾಬಾದಿನ ಕಿರಾಣಿ ಅಂಗಡಿಯವರ ಮಗ. ಹಣೆಗೆ ವಿಭೂತಿ ಹಚ್ಚಿಕೊಂಡೇ ಬಸ್ಸು ಹತ್ತಿ ಪಾಠಕ್ಕೆ ಹೋಗುತ್ತಿದ್ದೆ. ತಪ್ಪು ಓದಿದರೆ ಅವರು ಬೈಯುತ್ತಿರಲಿಲ್ಲ. ಪುಸ್ತಕ ಮುಚ್ಚಿ ಚಹಾ ತರಿಸುತ್ತಿದ್ದರು. ಆ ಚಹಾ ಬದಿಗಿಟ್ಟು ನಾನೇ ಪುಸ್ತಕ ತೆರೆದು ಮತ್ತೆ ಓದುತ್ತಿದ್ದೆ.

ಕೈರೋದಲ್ಲಿ ಅರಬ್ಬಿ ಓದಲು ನನ್ನಿಂದ ಅರ್ಜಿ ಹಾಕಿಸಿದವರು ಅವರೇ. ತಾವು ಮಾತ್ರ ಹೈದರಾಬಾದು ದಾಟಿದವರಲ್ಲ. ಸೀಟು ಸಿಕ್ಕಿತು. ಪಾಸ್‌ಪೋರ್ಟ್ ವಿಚಾರಣೆಗೆ ಠಾಣೆಯಿಂದ ಕರೆ ಬಂತು. ಅರ್ಜಿಯಲ್ಲಿ ಪರಿಚಯಸ್ಥರೆಂದು ಉಸ್ತಾದರ ಹೆಸರು ಕೊಟ್ಟಿದ್ದೆ, ಅವರನ್ನೂ ಕರೆಸಿದ್ದರು. ದಾರಿಯಲ್ಲಿ ಅಪ್ಪ, "ಯಾರು ಕಲಿಸ್ಯಾರ ಅಂದ್ರ ಪುಸ್ತಕ ನೋಡಿ ಕಲ್ತೀನಿ ಅನ್ನು. ಸುಮ್ನ ಲಫಡಾ ಬ್ಯಾಡ," ಎಂದರು.

ಠಾಣೆಯ ಸಾಹೇಬರು ನನ್ನ ಹಣೆ ನೋಡಿದರು, ಅರ್ಜಿ ನೋಡಿದರು. "ನೀ ಯಾಕ ಅರಬ್ಬಿ ಕಲಿಯಾಕತ್ತಿ? ಯಾರು ಕಲಿಸ್ಯಾರ?"

ಉಸ್ತಾದರು ಎದುರಿನ ಬೆಂಚಿನ ಮೇಲೆಯೇ ಕೂತಿದ್ದರು. ನಾನು ಅವರ ಕಡೆ ನೋಡದೆ ಹೇಳಿದೆ, "ಯಾರೂ ಇಲ್ರಿ. ಪುಸ್ತಕ ನೋಡಿ ಕಲ್ತೀನಿ."

"ಮತ್ತ ಇವರು?"

"ಬರೇ ಪರಿಚಯ್ರಿ."

ಉಸ್ತಾದರು ಮೆಲ್ಲಗೆ ಎದ್ದು ನಿಂತರು. "ಹೆದರಿ ಸುಳ್ಳು ಹೇಳ್ಯಾನ್ರಿ ಸಾಹೇಬ್ರ. ನಾನೇ ಕಲಿಸೀನಿ, ಮೂರು ವರ್ಷ. ಅದು ಗುನ್ಹಾ ಆದ್ರ ನನ್ನ ಹೆಸರು ಬರ್ಕೋರಿ. ಇವನ ದಾರಿ ಬಂದ್ ಮಾಡಬ್ಯಾಡ್ರಿ." ಶೇರವಾನಿಯ ಕಿಸೆಯಿಂದ ಪಾಠದ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. "ಓದು. ಕನ್ನಡದಾಗ ಅರ್ಥಾನೂ ಹೇಳು."

ಓದಿ ಅರ್ಥ ಹೇಳಿದೆ. ಒಂದೇ ಬಾವಿಯ ನೀರಿಗೆ ಜಗಳಾಡಿ ಮತ್ತೆ ಕೂಡಿದ ಇಬ್ಬರು ನೆರೆಯವರ ಕಥೆ ಅದು. ಸಾಹೇಬರು ಕೊನೆಯವರೆಗೂ ಕೇಳಿದರು. ಆಮೇಲೆ ನನ್ನನ್ನೂ ಅಪ್ಪನನ್ನೂ ಹೊರಗೆ ಕಳಿಸಿ, ಉಸ್ತಾದರೊಬ್ಬರನ್ನೇ ಮಧ್ಯಾಹ್ನದವರೆಗೆ ಕೂರಿಸಿ ಪ್ರಶ್ನೆ ಕೇಳಿದರು. ಬೇವಿನ ಮರದ ಕೆಳಗೆ ಅಪ್ಪ ಊಟಕ್ಕೂ ಹೋಗದೆ ನಿಂತಿದ್ದರು.

ಹೊರಬಂದ ಉಸ್ತಾದರ ಕಾಲು ಹಿಡಿಯಲು ಬಗ್ಗಿದೆ. ತಡೆದರು. "ಹೆದರಿಕ್ಯಾಗ ಆಡಿದ ಮಾತಿಗಿ ನಾ ವ್ಯಾಕರಣ ನೋಡಂಗಿಲ್ಲ. ನಾಳೆ ಪಾಠಕ್ಕ ಬಾ, ಇನ್ನ ಭಾಳ ಉಳದದ."

ಪಾಸ್‌ಪೋರ್ಟ್ ಬಂತು. ಕೈರೋದಲ್ಲಿ ನನ್ನ ಪುಸ್ತಕದ ಅರಬ್ಬಿ ಕೇಳಿ ತರಕಾರಿಯವರು ನಗುತ್ತಿದ್ದರು. ಪ್ರಾಧ್ಯಾಪಕರು ಮಾತ್ರ ನನ್ನ ಉಚ್ಚಾರ ಕೇಳಿ, ಕಲಿಸಿದವರಿಗೆ ಸಲಾಂ ಹೇಳೆಂದರು. ಪತ್ರದಲ್ಲಿ ಅದನ್ನು ಬರೆದೆ. ತಪ್ಪಾಯಿತೆಂಬ ಮಾತನ್ನು ಬರೆಯಲಿಲ್ಲ; ರಜೆಗೆ ಹೋದಾಗ ಎದುರಿಗೇ ಹೇಳೋಣವೆಂದುಕೊಂಡೆ.

ಎರಡನೆಯ ವರ್ಷ ಅಪ್ಪನ ಪತ್ರ ಬಂತು.

"ನಿಮ್ಮ ಉಸ್ತಾದರು ತೀರಿಕೊಂಡ್ರು. ಸುದ್ದಿ ತಿಳಿದ ಕೂಡಲೇ ಅಂಗಡಿ ಮುಚ್ಚಿ ಕಲ್ಯಾಣಕ್ಕ ಹೋದೆ. ಅವರ ಮಕ್ಕಳು ನನ್ನನ್ನ ತಮ್ಮ ಬಾಜೂಕ ನಿಂದ್ರಿಸಿಕೊಂಡ್ರು. ನಿನ್ನ ಹೆಸರಿಲೆ ಗೋರಿಗಿ ಮೂರು ಹಿಡಿ ಮಣ್ಣು ಹಾಕಿ ಬಂದೀನಿ. ಅವತ್ತು ಸುಳ್ಳು ಹೇಳು ಅಂದಾಂವ ನಾನು. ನೀ ಇಲ್ಲೇ ಇದ್ರೂ ನಾ ಹೋಗೋದೇ ಇತ್ತು."