ಪಿಕಪ್ ಸೀಟಿನ ಅಳತೆಗೆ ಕತ್ತರಿಸಿದ ನಳಿಗೆ

ನಮ್ಮೂರಿನಲ್ಲಿ ಬಂದೂಕಿನ ನಳಿಗೆ ಎಷ್ಟುದ್ದ ಇರಬೇಕು ಅನ್ನುವುದನ್ನು ಪಿಕಪ್ ಗಾಡಿಯ ಸೀಟು ತೀರ್ಮಾನ ಮಾಡುತ್ತದೆ. ನಗಬೇಡಿ, ನಿಜ. ಟೆಕ್ಸಾಸಿನ ಈ ಕಲ್ಲುಗುಡ್ಡಗಳ ಸೀಮೆಯಲ್ಲಿ ಸ್ಪೇರ್ ಚಕ್ರದ ಜೊತೆಗೆ ಒಂದು ಬಂದೂಕೂ ಇಲ್ಲದ ಗಾಡಿ ಸಿಗುವುದು ಕಷ್ಟ. ಗಾಡಿ ಬಂದೂಕು ಅಂತಲೇ ಅದಕ್ಕೆ ಹೆಸರು. ಸೀಟಿನ ಹಿಂದೆ ಹಿಡಿಸಿದರೆ ಒಳ್ಳೆಯ ಬಂದೂಕು, ಹಿಡಿಸದಿದ್ದರೆ ಕೆಟ್ಟದ್ದು. ಗುಂಡು ಹಾರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಈ ದರಿದ್ರ ಅಳತೆ ನನ್ನ ಅಕ್ಕನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂತ ಹೇಳುತ್ತೇನೆ.

ಅಕ್ಕ ಲೋರೀನ್ ಆಡು ಸಾಕುವವಳು. ಎಡಚಿ. ಸಣ್ಣ ಹುಡುಗಿಯಾಗಿದ್ದಾಗಿನಿಂದ ಎಡ ಹೆಗಲಿಗೆ ಬಂದೂಕು ಒತ್ತಿ ಒತ್ತಿ, ಸದ್ದಿಗೆ ಎದುರಾಗಿದ್ದ ಬಲಗಿವಿ ನಡುವಯಸ್ಸಿಗೆ ಮೊದಲೇ ಸತ್ತಿತ್ತು. ಉಳಿದದ್ದು ಎಡಗಿವಿಯೊಂದೇ. ಆ ಒಂದು ಕಿವಿಯಲ್ಲೇ ಅವಳ ಇಡೀ ಬದುಕು ನಡೆಯುತ್ತಿತ್ತು. ಆಡು ಈಯುವ ಕಾಲದಲ್ಲಿ ಬೆಳಿಗ್ಗೆ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತು ತಲೆ ಓರೆ ಮಾಡಿಕೊಂಡು, "ಸೊಟ್ಟ ಕೊಂಬಿನವಳು ಅವಳಿ ಹಾಕಿದಾಳೆ ಕಣೇ, ಒಂದು ಮರಿ ಹಳ್ಳದ ಕಡೆ ಉಳಕೊಂಡಿದೆ" ಅನ್ನುತ್ತಿದ್ದಳು. ಹೋಗಿ ನೋಡಿದರೆ ಮರಿ ಹಳ್ಳದಲ್ಲೇ ಇರುತ್ತಿತ್ತು. ನನಗೆ ಎರಡು ಕಿವಿ ಇದ್ದೂ ಬರೀ ಗಾಳಿ ಕೇಳುತ್ತಿತ್ತು.

ಮರಿಯ ಕೂಗು ಅವಳಿಗೆ ಕೇಳುವಂತೆ ಕಾಡುಹಂದಿಗೂ ಕೇಳುತ್ತದೆ. ಆಗ ತಾನೇ ಹುಟ್ಟಿದ ಮರಿಯನ್ನು ಗೊರಸೂ ಬಿಡದೆ ತಿಂದುಹೋಗುವ ಜಾತಿ ಅದು. ಹಂದಿ ಹೊಡೆಯದೆ ಆಡು ಸಾಕುವಂತಿಲ್ಲ, ಹೊಡೆಯುತ್ತಾ ಹೋದರೆ ಕಿವಿ ಉಳಿಯುವುದಿಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡರೆ ಮರಿ ಎಲ್ಲಿದೆ ಅಂತ ತಿಳಿಯುವುದಿಲ್ಲ. ಅದಕ್ಕೇ ಅವಳು ಸೈಲೆನ್ಸರ್ ಹಾಕಿದ ಗಿಡ್ಡ ಬಂದೂಕು ಕೊಳ್ಳುವುದೆಂದು ನಿರ್ಧರಿಸಿದಳು. ಮುಳ್ಳುಪೊದೆಯಲ್ಲಿ, ಗಾಡಿಯ ಕಿಟಕಿಯಲ್ಲಿ ತಿರುಗಿಸಲು ಆಗಬೇಕಲ್ಲ. ಇಬ್ಬರೂ ರಾಯ್ಸ್ ಟೀಟ್ಸ್‌ನ ಬಂದೂಕಿನ ಅಂಗಡಿಗೆ ಹೋದೆವು.

"ಉಳಿದಿರೋದು ಒಂದೇ ಕಿವಿ, ರಾಯ್ಸ್" ಅಂದಳು ಅಕ್ಕ. "ಸೈಲೆನ್ಸರ್ ಹಾಕಿದ್ಮೇಲೆ ನಾನು ಬಿಚ್ಚೋಳಲ್ಲ. ಅದು ಹಾಕಿದ್ದಾಗ ಬಂದೂಕು ಕೈಕೊಡಬಾರದು. ನಳಿಗೆ ಎಷ್ಟುದ್ದ ಇರಲಿ?"

ಆ ಮಹಾನುಭಾವ ಮಾಡಿದ್ದೇನು ಗೊತ್ತೇ? ಅಳತೆ ಟೇಪು ತೆಗೆದುಕೊಂಡು ಸೀದಾ ಹೊರಗೆ ಹೋಗಿ ಅವಳ ಪಿಕಪ್ಪಿನ ಸೀಟನ್ನು ಅಳೆದ.

"ಏಳೂವರೆ ಇಂಚು ಸಾಕು, ಮಿಸ್ ಲೋರೀನ್. ಸೈಲೆನ್ಸರ್ ಸೇರಿದ್ರೂ ಸೀಟಿನ ಹಿಂದೆ ಮಗು ಥರ ಮಲಗುತ್ತೆ. ಹೆಂಗಸರಿಗೆ ಹಗುರ ಬೇರೆ."

"ಮಲಗೋದು ಯಾರಿಗೆ ಬೇಕು? ಎದ್ದು ಕೆಲಸ ಮಾಡುತ್ತಾ ಹೇಳು."

"ಅಯ್ಯೋ, ಈಗೆಲ್ಲ ಇದೇ ಓಡ್ತಿರೋದು, ಮೇಡಂ" ಅಂದು ನಕ್ಕ.

ಸೈಲೆನ್ಸರಿಗೆ ಸರ್ಕಾರದ ಒಪ್ಪಿಗೆ ಬರುವುದು ತಡವಾಯಿತು. ಅಷ್ಟರಲ್ಲಿ ಬಂದೂಕು ತಯಾರಾಗಿತ್ತು. ರಾಯ್ಸ್ ಅದನ್ನು ಅಂಗಡಿಯ ಹಿಂದೆ ಸೈಲೆನ್ಸರ್ ಇಲ್ಲದೆ, ತನ್ನ ಬಲ ಹೆಗಲಿಗಿಟ್ಟು ಪಟಪಟನೆ ಹೊಡೆದು, "ನೋಡಿ, ಬೆಣ್ಣೆ ಥರ ಓಡುತ್ತೆ" ಅಂದ. ಒಪ್ಪಿಗೆ ಬಂದ ದಿನ ಸೈಲೆನ್ಸರ್ ತಿರುಗಿಸಿ ಬಿಗಿದು ಕೈಗೆ ಕೊಟ್ಟ. ಬಿಗಿದ ಮೇಲೆ ಒಂದು ಗುಂಡು, ಒಂದೇ ಒಂದು ಗುಂಡು ಹೊಡೆದು ನೋಡಲಿಲ್ಲ. ಅವಳು ಕೇಳಿದ್ದೇ ಅದೊಂದನ್ನು.

ಫೆಬ್ರವರಿಯ ಮಂಜಿನ ಬೆಳಿಗ್ಗೆ ಹಂದಿಗಳು ಬೇಲಿ ನುಗ್ಗಿದವು. ನಾನೂ ಗಾಡಿಯಲ್ಲಿದ್ದೆ. ಅಕ್ಕನ ಮೊದಲ ಗುಂಡಿಗೆ ಒಂದು ಹಂದಿ ಉರುಳಿತು. ಜೊತೆಗೇ ಖಾಲಿ ತೋಟಾ ಹೊರಬೀಳುವ ಪಕ್ಕದ ಕಿಂಡಿಯಿಂದ ಬಿಸಿ ಹೊಗೆ ಅವಳ ಮುಖಕ್ಕೆ ರಾಚಿತು. ಆ ಕಿಂಡಿ ಇರುವುದು ಬಲಗಡೆ, ಎಡಚರಿಗೆ ಅದು ಮೂಗಿನ ಮುಂದೆಯೇ ಬರುತ್ತದೆ. ಕಣ್ಣೊರೆಸಿಕೊಂಡು ಮತ್ತೆ ಒತ್ತಿದರೆ ಕಟ್ ಅಂದು ಸುಮ್ಮನಾಯಿತು. ಅಷ್ಟು ಗಿಡ್ಡ ನಳಿಗೆಯಲ್ಲಿ, ಹೊಸ ತೋಟಾ ತುಂಬುವ ಬೋಲ್ಟನ್ನು ಹಿಂದಕ್ಕೆ ತಳ್ಳಲು, ಮದ್ದಿನ ಗಾಳಿ ಬರುವ ತೂತನ್ನು ದೊಡ್ಡದು ಮಾಡಿರುತ್ತಾರೆ. ಅದರ ಮೇಲೆ ಸೈಲೆನ್ಸರ್ ಬಾಯಿ ಕಟ್ಟಿದರೆ ಗಾಳಿಯೆಲ್ಲ ಹಿಂದಕ್ಕೇ ನುಗ್ಗುತ್ತದೆ. ಬೋಲ್ಟು ಓಡಿದ ರಭಸಕ್ಕೆ ಮುಂದಿನ ತೋಟಾ ಮೇಲೇರುವಷ್ಟೂ ಹೊತ್ತು ಸಿಗಲಿಲ್ಲ. ಅವಳು ಸರಿಮಾಡಿ ಹೊಡೆದಳು, ಮತ್ತೆ ಸಿಕ್ಕಿಕೊಂಡಿತು. ನಮ್ಮ ಕಣ್ಣೆದುರೇ ಸೊಟ್ಟ ಕೊಂಬಿನವಳ ಮರಿಗಳು ಹೋದವು.

ಅಂಗಡಿಗೆ ಹೋದರೆ ರಾಯ್ಸ್ ಏನೂ ಆಗಿಲ್ಲವೆಂಬಂತೆ ತಿಪ್ಪೆ ಸಾರಿಸಿದ. "ಎಡಗೈ ಅಲ್ವಾ, ಹೊಗೆ ಬರುತ್ತೆ. ಬಲಗೈ ಅಭ್ಯಾಸ ಮಾಡ್ಕೊಳ್ಳಿ. ಇಲ್ಲಾಂದ್ರೆ ಸೈಲೆನ್ಸರ್ ಬಿಚ್ಚಿ ಹೊಡೀರಿ, ಚೆನ್ನಾಗೇ ಓಡುತ್ತೆ."

ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. "ಮಳೆ ಬಂದಾಗ ಮಡಚಿಟ್ಕೊಳ್ಳಿ ಅಂತ ಕೊಡೆ ಮಾರ್ತೀಯೇನೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ನಳಿಗೆ ಗಿಡ್ಡ ಅನ್ನೋದು ಬಿಟ್ಟು ಅವಳ ಕೈ ಎಡ ಅಂತೀಯಲ್ಲ." ಅಂಗಡಿಯಲ್ಲಿದ್ದ ಗಂಡಸರು ಬೂಟು ನೋಡಿಕೊಂಡು ನಿಂತರು. ಎಲ್ಲರ ಗಾಡಿಯಲ್ಲೂ ಅದೇ ಗಿಡ್ಡ ಬಂದೂಕು ಇತ್ತು. "ಬಿಟ್ಟುಬಿಡೇ" ಅಂತ ಅಕ್ಕ ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಪಕ್ಕದ ಜಿಲ್ಲೆಯಲ್ಲಿ ಬೇರೆ ನಳಿಗೆ ಹಾಕಿಸುವುದೆಂದು ಮಾತಾಯಿತು, ಅದು ಬರುವವರೆಗೆ ಹಂದಿಗಳು ಕಾಯಬೇಕಲ್ಲ.

ಕಾಯಲಿಲ್ಲ. ಆ ವಾರವೇ ಅಕ್ಕ ಒಬ್ಬಳೇ ಇದ್ದಾಗ ಈಯುತ್ತಿದ್ದ ಆಡೊಂದನ್ನು ಹಂದಿಗಳು ಸುತ್ತಿದವು. ಬಂದೂಕು ಮತ್ತೆ ಸಿಕ್ಕಿಕೊಂಡಿತು. ಅವಳು ಗಾಡಿಯೊಳಗೆ ಕೂತಲ್ಲೇ ಸೈಲೆನ್ಸರ್ ಬಿಚ್ಚಿ ಎಸೆದು, ಕಿಟಕಿಯಿಂದ ಹೊಡೆದಳು. ನಳಿಗೆ ಗಿಡ್ಡವಾದಷ್ಟೂ ಸದ್ದು ಮುಖಕ್ಕೆ ಹತ್ತಿರ. ಗಾಡಿಯ ತಗಡಿನ ಡಬ್ಬಿಯೊಳಗೆ ಅದು ಹೋಗುವುದಾದರೂ ಎಲ್ಲಿಗೆ? ತೋಟಾ ಖಾಲಿಯಾಗುವವರೆಗೆ ಬಂದೂಕು ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ರಾಯ್ಸ್ ಹೇಳಿದ್ದ ಹಾಗೆಯೇ ಚೆನ್ನಾಗಿ ಓಡಿತು.

ನಾನು ಹೋದಾಗ ಅವಳು ಒದ್ದೆ ಮರಿಯನ್ನು ಕೋಟಿನೊಳಗೆ ಸುತ್ತಿಕೊಂಡು ನನಗೆ ಬೆನ್ನು ಹಾಕಿ ನಿಂತಿದ್ದಳು. "ಅಕ್ಕಾ" ಅಂದೆ. ಜೋರಾಗಿ ಕೂಗಿದೆ. ಹತ್ತಿರ ಹೋಗಿ ಭುಜ ಮುಟ್ಟುವವರೆಗೆ ತಿರುಗಲಿಲ್ಲ.

ಈಗ ಅವಳ ಬಂದೂಕಿಗೆ ಹನ್ನೊಂದೂವರೆ ಇಂಚಿನ ನಳಿಗೆ, ಚಿಕ್ಕ ತೂತು. ಸೈಲೆನ್ಸರ್ ಹಾಕಿಯೇ ಇರುತ್ತದೆ. ಹೊಗೆ ಕಡಿಮೆ, ಸಿಕ್ಕಿಕೊಳ್ಳುವುದಿಲ್ಲ. ಸೀಟಿನ ಹಿಂದೆ ಹಿಡಿಸುವುದಿಲ್ಲ, ಹಿಡಿಸದಿದ್ದರೆ ಮನೆ ಮುಳುಗಲಿಲ್ಲ, ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಬೇಲಿ ಪಕ್ಕದಲ್ಲಿ ಹೋಗುತ್ತಿದ್ದ ರಾಯ್ಸ್ ಒಮ್ಮೆ ಗಾಡಿ ನಿಲ್ಲಿಸಿ ಅದು ಹಾರಿದ್ದು ಕೇಳಿ, "ಎಷ್ಟು ಮೆತ್ತಗಿದೆ ಸದ್ದು" ಅಂತ ಮೆಚ್ಚಿಕೊಂಡ. ಮೆಚ್ಚಿಕೊಳ್ಳಲು ಅವನಿಗೆ ಎರಡೂ ಕಿವಿ ನೆಟ್ಟಗಿವೆ. ನಾಚಿಕೆಗೆಟ್ಟವನು.

ಅವನು ಹೋದ ಮೇಲೆ ಅಕ್ಕ ನನ್ನ ತುಟಿಯನ್ನೇ ನೋಡುತ್ತಾ ಕೇಳಿದಳು, "ಮರಿ ಕೂಗ್ತಾ ಇದೆಯೇನೇ?"

"ಹೂಂ, ಕೂಗ್ತಾ ಇದೆ."

"ಯಾವ ಕಡೆ?"

ನಾನು ತಲೆ ಓರೆ ಮಾಡಿಕೊಂಡು ತುಂಬಾ ಹೊತ್ತು ನಿಂತೆ. ನನಗೆ ಗೊತ್ತಾಗಲಿಲ್ಲ.