ಅರ್ಧ ಬಕೆಟ್ ಭಾರ

ನಮ್ಮ ಬೀಗರ ಕಸುಬೂ ಬೀಗದ್ದೇ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು, ಕೀಲಿ ಕಳೆದುಕೊಂಡವರಿಗೆ ಹೊಸ ಕೀಲಿ ಉಜ್ಜಿಕೊಡುತ್ತಾರೆ. ಅವರ ಮಗನಿಗೆ ನನ್ನ ಮಗಳನ್ನು ಕೊಟ್ಟ ಮೇಲೆ ಊರಿಗೆಲ್ಲ ಬೀಗದವರಾಗಿದ್ದವರು ನನಗೆ ಬೀಗರಾದರು. ನಾನೂ ಅವರಿಗೆ ಬೀಗನೇ, ಆದರೆ ಬೀಗುವಂಥ ವಿದ್ಯೆ ನನ್ನಲ್ಲಿ ಯಾವುದೂ ಇಲ್ಲ. ಅವರಲ್ಲಿತ್ತು. ಬೀಗದೊಳಕ್ಕೆ ತಂತಿ ತೂರಿಸಿ, ಕಣ್ಣು ಮುಚ್ಚಿ, ತಲೆ ವಾಲಿಸಿ ಕೂರುತ್ತಿದ್ದರು. ಒಳಗೆಲ್ಲೋ ಏನೋ ಕದಲಿದ ಸದ್ದು ಅವರಿಗೆ ಮಾತ್ರ ಕೇಳಿಸುತ್ತಿತ್ತು. ಬಾಗಿಲು ತೆರೆದುಕೊಳ್ಳುತ್ತಿತ್ತು.

ಅಂಗಡಿಗೆ ರಜೆ ಇದ್ದ ದಿನ ಮೀನಿನ ಹುಚ್ಚು. ಮನೆಯ ಹಿಂದೆ ಇಳಿಜಾರು, ಅದರ ಕೆಳಗೆ ಇನ್ನೊಂದು ದಡ ಮಸುಕಾಗಿ ಕಾಣುವಷ್ಟು ದೊಡ್ಡ ಕೆರೆ, ಇಬ್ಬರು ಕೂತರೆ ಮೂರನೆಯವನು ಈಜಬೇಕಾದಂಥ ಒಂದು ದೋಣಿ. ಹುಟ್ಟು ಹಾಕಿ ರಟ್ಟೆ ಸೋತ ಮೇಲೆ ಸಣ್ಣದೊಂದು ಕರೆಂಟಿನ ಮೋಟಾರು ಕೂರಿಸಿದ್ದರು. ಅದಕ್ಕೊಂದು ಸೀಸದ ಬ್ಯಾಟರಿ. ಅದನ್ನೂ ಅವರು ಕಿವಿಯಲ್ಲೇ ನಡೆಸುತ್ತಿದ್ದರು. ಬ್ಯಾಟರಿ ಇಳಿಯುತ್ತ ಬಂದ ಹಾಗೆ ಮೋಟಾರಿನ ದನಿ ತಗ್ಗುತ್ತದಂತೆ. ತಗ್ಗಿದ್ದೇ ತಡ, ದೋಣಿ ಮನೆಯ ಕಡೆ ತಿರುಗುತ್ತಿತ್ತು. "ನೋಡಿ ಬೀಗ್ರೇ, ಅದು ಸುಸ್ತಾಯ್ತು ಅಂತಿದೆ" ಅನ್ನುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ನನ್ನ ಹೊಟ್ಟೆಯ ಸದ್ದೊಂದೇ.

ಹೋದ ವರ್ಷ ಅವರಿಗೆ ಹರ್ನಿಯಾ ಆಪರೇಷನ್ ಆಯಿತು. "ಅರ್ಧ ಬಕೆಟ್ ನೀರಿಗಿಂತ ಭಾರದ್ದು ಯಾವುದನ್ನೂ ಎತ್ತಕೂಡದು" ಎಂದರು ಡಾಕ್ಟರು. ಬೀಗರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಮೀನು ಹಿಡಿಯುವುದನ್ನೂ ಬಿಡಲಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯವಾಯಿತು ಎಂಬುದು ಒಂದು ಬೆಳಿಗ್ಗೆ ನಾನು ಅವರ ಜೊತೆ ಕೆರೆಗೆ ಹೊರಟಾಗ ತಿಳಿಯಿತು.

ಬ್ಯಾಟರಿಯನ್ನು ಬೀಗಿತ್ತಿ ಹೊರುತ್ತಿದ್ದರು. ನಮ್ಮ ಅಳಿಯ ಬಸ್ ಡ್ರೈವರ್, ಬೆಳಕು ಹರಿಯುವ ಮುಂಚೆಯೇ ಡಿಪೋ ಸೇರಿರುತ್ತಾನೆ. ಆಕೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಟರಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತ ಇಳಿಯುತ್ತಿದ್ದರು. ನಾನು ಕೈ ಚಾಚಿದರೂ ಕೊಡಲಿಲ್ಲ. ಹಿಂದೆ ಗಾಳ ಹಿಡಿದುಕೊಂಡು ಬೀಗರು. "ನಿಧಾನ ಕಣೇ, ವೈರ್ ಎಳೀಬೇಡ!"

"ವೈರ್ ಬಗ್ಗೆ ಇರೋ ಕಾಳಜಿ ನೋಡಿ" ಎಂದು ಆಕೆ ನನ್ನ ಕಡೆ ನಕ್ಕರು. ದೋಣಿಯೊಳಗೆ ಅದನ್ನಿಳಿಸಿ ನೆಟ್ಟಗಾಗುವಾಗ ಮುಖ ಬಿಳುಚಿಕೊಂಡಿತ್ತು. ಎಡ ಭುಜ ಹಿಡಿದುಕೊಂಡು ದೋಣಿ ಕಟ್ಟುವ ಕಂಬಕ್ಕೆ ಒರಗಿದರು.

"ಏನಾಯ್ತು ಬೀಗಿತ್ತಿ?"

"ಏನಿಲ್ಲ. ಬಿಸಿಲು."

ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಅವತ್ತೇ ನಾನು ಬೀಗರ ಬೆನ್ನು ಹತ್ತಿದೆ. ಹಗುರವಾದ ಲಿಥಿಯಂ ಬ್ಯಾಟರಿ ಬಂದಿದೆ, ತಗೊಳ್ಳಿ ಎಂದೆ. ಅವರಿಗೂ ಆಸೆ ಇತ್ತು. ಆದರೆ ಅವರು ಯಾವುದನ್ನೂ ಒಳಗಿನ ಹಲ್ಲು ಎಣಿಸದೆ ಒಪ್ಪುವವರಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದರು, ಒಂದು ಹೇಳಿದ್ದಕ್ಕೆ ಇನ್ನೊಂದು ವಿರುದ್ಧ ಹೇಳಿತು, ಮೂರನೆಯದು ಎರಡನ್ನೂ ಬೈಯಿತು. ಹಗುರವಾದದ್ದೊಂದನ್ನು ಕೊಳ್ಳಲು ಇಷ್ಟು ಹಗರಣ ಮಾಡಿದವರನ್ನು ನಾನು ಕಂಡಿಲ್ಲ. ಮಳೆಗಾಲ ಬಂದು ಹೋಯಿತು. ಆಕೆ ಹೊರುತ್ತಲೇ ಇದ್ದರು.

ಕೊನೆಗೆ ಮೂವರೂ ಬ್ಯಾಟರಿ ಅಂಗಡಿಗೆ ಹೋದೆವು. ಅಂಗಡಿಯವನು ಮಾತಿನ ಮಲ್ಲ. ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬ ತಂದು ಮೇಜಿನ ಮೇಲಿಟ್ಟ.

"ನಿಮಗೆ ಇಷ್ಟು ಸಾಕು ಸರ್. ನಿಮ್ಮ ಹಳೇದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಿದ್ರೆ ಅದರ ಆಯಸ್ಸು ಕಮ್ಮಿ ಆಗುತ್ತೆ. ಇದರಲ್ಲಿ ಹೆಚ್ಚೂಕಮ್ಮಿ ಪೂರ್ತಿ ಖರ್ಚು ಮಾಡಬಹುದು. ಅದಕ್ಕೇ ಚಿಕ್ಕದು ಸಾಕು. ಚಾರ್ಜರ್ ಮಾತ್ರ ಇದರದ್ದೇ ಬೇಕು, ಹಳೇದನ್ನ ಹಾಕಬೇಡಿ. ನೀರು ತಾಗದ ಹಾಗೆ ಒಂದು ಪೆಟ್ಟಿಗೇಲಿ ಇಡಿ. ಎತ್ತಿ ನೋಡಿ ಸರ್!"

"ಡಾಕ್ಟರು ಬೇಡ ಅಂದಿದ್ದಾರೆ" ಎಂದು ಬೀಗರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಎತ್ತಿದ್ದು ಬೀಗಿತ್ತಿ. ಬಲಗೈ ಒಂದರಲ್ಲೇ ಎತ್ತಿ, ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡರು. ಮೊಮ್ಮಗುವನ್ನು ಇಟ್ಟುಕೊಂಡ ಹಾಗೆ. ಮಾತು ಮುಗಿಯುವ ತನಕ ಕೆಳಗಿಡಲಿಲ್ಲ.

"ಖಾಲಿ ಆಗ್ತಾ ಬಂದ್ರೆ ಮೋಟಾರಿನ ಸದ್ದು ತಗ್ಗುತ್ತಾ?" ಬೀಗರು ಕೇಳಿದರು.

"ಇಲ್ಲ ಸರ್, ಅದೇ ಇದರ ದೊಡ್ಡಸ್ತಿಕೆ! ಕೊನೇತನಕ ಒಂದೇ ಜೋರು. ಆಮೇಲೆ ತನ್ನನ್ನ ಕಾಪಾಡಿಕೊಳ್ಳೋಕೆ ತಾನೇ ಕಟ್ ಆಗುತ್ತೆ."

"ಒಂದೇ ಸಲಕ್ಕೆ?"

"ಒಂದೇ ಸಲಕ್ಕೆ. ಎಷ್ಟು ಉಳಿದಿದೆ ಅಂತ ತೋರಿಸೋ ಮೀಟರು ಬೇರೆ ಬರುತ್ತೆ. ಆಗಾಗ ನೋಡ್ಕೋತಾ ಇರಬೇಕು."

ಬೀಗರ ಮುಖ ಗಂಟಾಯಿತು. "ನೀರಿನ ನಡುವೆ ನಾನು ಮೀನು ನೋಡ್ಲೋ, ಮೀಟರ್ ನೋಡ್ಲೋ? ಸುಸ್ತಾಗಿದ್ದನ್ನ ಬಾಯಿಬಿಟ್ಟು ಹೇಳದೇ ಇರೋದನ್ನ ಹ್ಯಾಗ್ರೀ ನಂಬೋದು?"

"ನೀವು ಕಟ್ಟಿಕೊಂಡಿರೋಳನ್ನ ನಂಬಿಲ್ವಾ, ಹಾಗೆ" ಎಂದರು ಬೀಗಿತ್ತಿ. ಅಂಗಡಿಯವನು ನಕ್ಕ. ನಾನೂ ನಕ್ಕೆ, ಒಳ್ಳೆಯ ಮಾತು ಎಂದು ಮೆಚ್ಚಿಕೊಂಡೆ ಕೂಡ. ಬೀಗರು ಆಗಲೇ ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ಆಕೆ ಡಬ್ಬವನ್ನು ಮೇಜಿನ ಮೇಲಿಟ್ಟು, ಅದರ ಹಿಡಿಯನ್ನು ಸರಿಯಾಗಿ ಮಡಚಿ, ಗಂಡನ ಹಿಂದೆ ಹೋದರು.

ಅದಾದ ಮರುವಾರ ಆಕೆ ಇಳಿಜಾರಿನಲ್ಲಿ ಕುಸಿದರು. ಬ್ಯಾಟರಿ ಉರುಳಿ ನೀರಿಗೆ ಬಿತ್ತು. ಬೀಗರು ಮೊದಲು ಬ್ಯಾಟರಿಯ ಸದ್ದಿಗೆ ತಿರುಗಿದರಂತೆ, ಆಮೇಲೆ ಹೆಂಡತಿಯ ಕಡೆ. ಇದನ್ನು ಅವರೇ ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ್ದು. ಹೃದಯದ ತೊಂದರೆ ಹಲವು ತಿಂಗಳಿಂದ ಇದ್ದಿರಬೇಕು, ಭುಜ ನೋವು ಇರಲಿಲ್ಲವೇ, ಉಬ್ಬಸ ಇರಲಿಲ್ಲವೇ ಎಂದು ಡಾಕ್ಟರು ಕೇಳಿದರು. ಬೀಗರು ನನ್ನ ಮುಖ ನೋಡಿದರು. ನನ್ನ ಹತ್ತಿರ ಆಗ ಒಂದು ಜೋಕೂ ಇರಲಿಲ್ಲ.

ಆಕೆ ಉಳಿದುಕೊಂಡರು. ಮನೆಗೆ ಕಳಿಸುವ ಹಿಂದಿನ ದಿನ ಬೀಗರು ನನ್ನನ್ನು ಕರೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದರು. ಅಂಗಡಿಯವನು ಅದೇ ಡಬ್ಬ ತಂದಿಟ್ಟು, "ಎತ್ತಿ ನೋ..." ಎಂದವನು, ಹಿಂದಿನ ಸಲದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಬೀಗರು ಹಿಡಿಗೆ ಕೈ ಹಾಕಿದರು. ಎತ್ತಿದರು. ಭಾರವಿರುತ್ತದೆಂದು ಬಿಗಿಹಿಡಿದಿದ್ದ ತೋಳು ಜೋಲಿ ತಪ್ಪಿ ಮೇಲಕ್ಕೆ ಹಾರಿತು.

"ಬೀಗ್ರೇ," ಎಂದರು. "ಇದು ಅರ್ಧ ಬಕೆಟ್ ಕೂಡ ಇಲ್ಲ."

ಅಂಗಡಿಯವನು ಚಾರ್ಜರ್, ಮೀಟರು ಎಲ್ಲ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ನಾನು ಹಿಡಿದುಕೊಳ್ಳುತ್ತೇನೆಂದರೂ ಬೀಗರು ಡಬ್ಬ ಕೊಡಲಿಲ್ಲ.

ಆಕೆ ಮನೆಗೆ ಬಂದ ಮೇಲೆ ನೋಡಲು ಹೋಗಿದ್ದೆ. ಹೊಸ ಬ್ಯಾಟರಿ ಕಟ್ಟು ಬಿಚ್ಚದೆ ಹಾಗೇ ಇತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ ಬೀಗಿತ್ತಿ, ಕಾಲಬಳಿ ಕುರ್ಚಿಯಲ್ಲಿ ಬೀಗರು.

"ಹೇಗಿದ್ದೀರಿ?" ಎಂದೆ.

"ಏನಿಲ್ಲ, ಚೆನ್ನಾಗಿದ್ದೀನಿ. ಇವರಿಗೆ ಹೇಳಿ ಬೀಗ್ರೇ, ಕೆರೆಗೆ ಹೋಗಿ ಬನ್ನಿ ಅಂತ. ನನ್ನ ಮುಖ ನೋಡ್ತಾ ಎಷ್ಟು ಹೊತ್ತು ಕೂರ್ತಾರೆ?"

ಬೀಗರು ಜಾಗ ಬಿಟ್ಟು ಕದಲಲಿಲ್ಲ. ಆಕೆಯ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ತಲೆ ವಾಲಿಸಿದರು.

"ಏನು ಕೇಳಿಸುತ್ತೆ?" ಆಕೆ ನಕ್ಕರು.

"ಮಾತಾಡಬೇಡ ಕಣೇ," ಎಂದರು ಅವರು. "ಏನೂ ಕೇಳಿಸ್ತಿಲ್ಲ."